ಎಕ್ಸ್‌ಬಿಆರ್‌ಎಲ್ ನಾವೇ ಮಾಡೋದಾ, ಹೊರಗೆ ಕೊಡೋದಾ? ಅನುಭವ ಇದ್ದವರು ಹೇಳಿ

ರಾಣೆಬೆನ್ನೂರು, ಬೀಜದ ಕಂಪನಿ:
ನಮ್ಮದು ಪ್ರೈವೇಟ್ ಲಿಮಿಟೆಡ್. ಹೊಸ ಷೇರು ಕೊಟ್ಟ ಮೇಲೆ ಪೇಯ್ಡ್‌ಅಪ್ (ಷೇರುದಾರರು ಕಟ್ಟಿದ) ಬಂಡವಾಳ 5 ಕೋಟಿ ದಾಟಿತು. ಈ ವರ್ಷದಿಂದ ಎಒಸಿ-4 (ಸರ್ಕಾರಕ್ಕೆ ವರ್ಷದ ಲೆಕ್ಕಪತ್ರ ಸಲ್ಲಿಸುವ ಫಾರಂ) ಎಕ್ಸ್‌ಬಿಆರ್‌ಎಲ್‌ನಲ್ಲೇ ಹಾಕಬೇಕು, ಅಂದರೆ ಪ್ರತಿ ಅಂಕಿಗೂ ಕಂಪ್ಯೂಟರ್ ಓದುವ ಟ್ಯಾಗ್ ಹಾಕಿದ ಫೈಲ್ ಆಗಿ. ಅಕೌಂಟ್ಸ್ ಸಾಫ್ಟ್‌ವೇರ್‌ಗೆ ಮಾಡ್ಯೂಲ್ ಸೇರಿಸಿ ನಾವೇ ಟ್ಯಾಗ್ ಮಾಡೋದಾ, ಫೈಲ್ ಮಾಡಿಕೊಡುವ ಕನ್ವರ್ಷನ್‌ನವರಿಗೆ ಕೊಡೋದಾ? ಲೆಕ್ಕಕ್ಕೆ ಇಬ್ಬರೇ ಇದ್ದೇವೆ.

ಹುಬ್ಬಳ್ಳಿ, ತಾರಿಹಾಳ:
ಹೊರಗೆ ಕೊಡಲೇಬೇಡಿ. ನಾವು ಬೆಂಗಳೂರಿನ ಒಬ್ಬರಿಗೆ 22,000 ಕೊಟ್ಟೆವು. ನಮ್ಮ ಬ್ಯಾಲೆನ್ಸ್ ಶೀಟ್ ಲಕ್ಷಗಳಲ್ಲಿ ಇರುತ್ತದೆ, ಆದರೆ ಫೈಲಿನೊಳಗೆ ಪೂರ್ತಿ ರೂಪಾಯಿ ಇರಬೇಕು, 412.35 ಲಕ್ಷ ಅಂದರೆ 4,12,35,000. ಅವರು ಒಂದು ನೋಟ್‌ನಲ್ಲಿ 412.35 ಅಂತಲೇ ಬಿಟ್ಟರು. ಮೊತ್ತ ಕೂಡಲಿಲ್ಲ, ವ್ಯಾಲಿಡೇಷನ್ (ಫೈಲಿನ ತಪಾಸಣೆ) ಫೇಲ್. ತಿದ್ದೋಕೆ ಮತ್ತೆ 3,000 ಕೇಳಿದರು. ತಪ್ಪು ಅವರದು, ದುಡ್ಡು ನಮ್ಮದು! ಅಷ್ಟರಲ್ಲಿ ಎಜಿಎಂ (ಷೇರುದಾರರ ವಾರ್ಷಿಕ ಸಭೆ) ಆಗಿ 30 ದಿನದ ಗಡುವು ಕಳೆದಿತ್ತು. ಆಮೇಲೆ ದಿನಕ್ಕೆ 100 ರೂಪಾಯಿ ಲೇಟ್ ಫೀ. ಅದನ್ನೂ ನಾವೇ ಕಟ್ಟಿದೆವು. ಫೋನ್ ಮಾಡಿದರೆ ಆ ಹುಡುಗ ಸೀಸನ್ ಸರ್, ಸೀಸನ್ ಅಂತಾನೆ.

ಗದಗ, ಜಿನ್ನಿಂಗ್ ಮಿಲ್:
ತಾರಿಹಾಳದವರು ಒಂದೇ ಕಡೆ ನೋಡಿದ್ದಾರೆ. ನಾವು ಮಾಡ್ಯೂಲ್ ತಗೊಂಡೆವು. 48,000, ಅದರ ಮೇಲೆ 18% ಜಿಎಸ್‌ಟಿ 8,640, ಒಟ್ಟು 56,640. ವರ್ಷಕ್ಕೆ ರಿನ್ಯೂವಲ್ 14,000 ಬೇರೆ. ಬಟನ್ ಒತ್ತಿದರೆ ಫೈಲ್ ರೆಡಿ ಅಂದಿದ್ದರು. ಎಲ್ಲಿ ರೆಡಿ? ಅರಳೆ, ಹತ್ತಿಬೀಜ, ಬಾರದಾನ, ಹಮಾಲಿ ಎಲ್ಲವನ್ನೂ ಟ್ಯಾಕ್ಸಾನಮಿಯ (ಟ್ಯಾಗ್‌ಗಳ ಪಟ್ಟಿಯ) ಹೆಸರಿಗೆ ಕೈಯಿಂದಲೇ ಜೋಡಿಸಬೇಕು. ಹಿಂದಿನ ವರ್ಷದ್ದೂ ಸೇರಿ. ಕಲಿತ ಹುಡುಗ ಬೆಂಗಳೂರಿಗೆ ಹೋದ. ಈಗ 18,000 ಕೊಟ್ಟು ಹೊರಗೆ ಮಾಡಿಸುತ್ತೇವೆ, ರಾತ್ರಿ ನಿದ್ದೆ ಬರುತ್ತದೆ.

ಬ್ಯಾಡಗಿ, ಮೆಣಸಿನಕಾಯಿ:
ಮಾಡ್ಯೂಲನ್ನು ಬೈಬೇಡಿ. ನಿಮ್ಮ ಲೆಡ್ಜರ್ ಸರಿ ಇಲ್ಲದಿದ್ದರೆ ಅದೇನು ಮಾಡೀತು? ನಾವು ಏಪ್ರಿಲ್‌ನಲ್ಲೇ ಎಲ್ಲ ಗ್ರೂಪ್‌ಗಳನ್ನು ಶೆಡ್ಯೂಲ್ 3ರ (ಕಂಪನಿ ಕಾಯ್ದೆಯ ಬ್ಯಾಲೆನ್ಸ್ ಶೀಟ್ ನಮೂನೆ) ಹೆಸರಲ್ಲೇ ಮಾಡಿಕೊಂಡೆವು. ಬಾಕಿದಾರರ ಪಟ್ಟಿಯನ್ನು ಬಾಕಿ ಎಷ್ಟು ಹಳೆಯದು ಅಂತ ನೋಡಿ 6 ತಿಂಗಳು, 1 ವರ್ಷ, 2, 3 ಅಂತ ಆಗಲೇ ಬೇರೆ ಮಾಡಿದೆವು. ಖರೀದಿಯ ಹಮಾಲಿ ಒಂದು ಲೆಡ್ಜರ್, ಮಾರಾಟದ ಹಮಾಲಿ ಇನ್ನೊಂದು. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಎಡಿಟ್ ಲಾಗ್ (ಯಾವ ಎಂಟ್ರಿ ಯಾವಾಗ ತಿದ್ದಿದ್ದು ಅನ್ನುವ ದಾಖಲೆ) ಕಡ್ಡಾಯ ಅಲ್ವಾ, ಮಾರ್ಚ್ ಮುಗಿದ ಮೇಲೆ ಎಂಟ್ರಿ ತಿದ್ದುತ್ತಾ ಕೂತರೆ ಎಲ್ಲವೂ ಅದರಲ್ಲಿ ಕಾಣುತ್ತದೆ. ನಮ್ಮ ಅಕೌಂಟೆಂಟ್ ಬಿಕಾಂ ಮುಗಿಸಿದ ಊರ ಹುಡುಗಿ, ಒಬ್ಬಳೇ ಎಲ್ಲ ಮಾಡಿದಳು. ನಮಗೆ ಹೆಮ್ಮೆ ಇದೆ.

ಗದಗ, ಜಿನ್ನಿಂಗ್ ಮಿಲ್:
ಹಮಾಲಿ ಪೂರ್ತಿ ಇತರೆ ಖರ್ಚಿಗೇ ಹಾಕುತ್ತಾ ಬಂದಿದ್ದೇವೆ. ಯಾವ ಆಡಿಟರೂ ಕೇಳಿಲ್ಲ. ಪಾಠ ಬೇಡ.

ಬ್ಯಾಡಗಿ, ಮೆಣಸಿನಕಾಯಿ:
ಕೇಳದಿದ್ದರೆ ಸರಿ ಅಂತ ಆಯ್ತಾ? ಮಾಲು ತರುವ ಖರ್ಚು ಮಾಲಿನ ಬೆಲೆಗೇ ಸೇರಬೇಕು ಅಂತ ಎಎಸ್ 2 (ಸ್ಟಾಕ್ ಬೆಲೆ ಕಟ್ಟುವ ಲೆಕ್ಕದ ಮಾನದಂಡ) ಹೇಳುತ್ತದೆ. ಸ್ಟಾಕ್ ಬೆಲೆಯೇ ಬದಲಾಗುತ್ತದೆ ರೀ.

ಹಾವೇರಿ:
ಇಷ್ಟೆಲ್ಲ ರಗಳೆ ಯಾಕೆ? ಮುಂದಿನ ವರ್ಷ ಬೈಬ್ಯಾಕ್ ಮಾಡಿ (ಕಂಪನಿಯೇ ಷೇರು ವಾಪಸ್ ಕೊಂಡು) ಬಂಡವಾಳ 5 ಕೋಟಿಗಿಂತ ಕೆಳಗೆ ತನ್ನಿ, ಮುಗೀತು.

ಧಾರವಾಡ, ಸಿಎ ಆಫೀಸು:
ಮುಗಿಯುವುದಿಲ್ಲ. ಸುಮ್ನೆ ದಾರಿ ತಪ್ಪಿಸಬೇಡಿ. 2015ರ ನಿಯಮದಲ್ಲೇ ಇದೆ, ಒಮ್ಮೆ ಎಕ್ಸ್‌ಬಿಆರ್‌ಎಲ್‌ನಲ್ಲಿ ಹಾಕಿದ ಕಂಪನಿ ಆಮೇಲೆ ಮಿತಿಗಿಂತ ಕೆಳಗೆ ಬಂದರೂ ಅದರಲ್ಲೇ ಮುಂದುವರಿಯಬೇಕು. ಮತ್ತೆ ಆಡಿಟರ್ ಕೇಳಿಲ್ಲ ಅನ್ನುವವರಿಗೆ ಒಂದು ಮಾತು. ಸೆಪ್ಟೆಂಬರ್ ಕೊನೆಗೆ ಟ್ರಯಲ್ ಬ್ಯಾಲೆನ್ಸ್ ತಂದು ಮೇಜಿನ ಮೇಲಿಟ್ಟು ನಾಳೆ ಎಜಿಎಂ ಸರ್ ಅಂದರೆ ಯಾವ ಹಮಾಲಿ ಕೇಳೋದು? ಆ ಫಾರಂ ಸರ್ಟಿಫೈ ಮಾಡಿ ಸಹಿ ಹಾಕುವವರು ನಾವು. ಹೊರಗಿನವರು ಹಾಕಿದ ಟ್ಯಾಗ್ ಒಂದೊಂದನ್ನೂ ಕೂತು ನೋಡುವವರೂ ನಾವೇ, ಅದಕ್ಕೆ ಫೀ ಕೇಳಿದರೆ ಮುಖ ಸಿಂಡರಿಸುತ್ತೀರಿ.

ಹುಬ್ಬಳ್ಳಿ, ತಾರಿಹಾಳ:
ನೋಡುತ್ತೀರಾ? ನಮ್ಮದರಲ್ಲಿ 412.35 ಯಾರಿಗೂ ಕಾಣಲಿಲ್ಲವಲ್ಲ!

ಧಾರವಾಡ, ಸಿಎ ಆಫೀಸು:
ನಿಮ್ಮ ಆಡಿಟರ್ ನಾನಲ್ಲ. ಅವರನ್ನೇ ಕೇಳಿ.

ಗದಗ, ಜಿನ್ನಿಂಗ್ ಮಿಲ್:
ಬ್ಯಾಡಗಿಯವರೇ, ಅಷ್ಟು ಗೊತ್ತಿದ್ದರೆ ಇದನ್ನೂ ಹೇಳಿ. ರೆಡಿಯಾದ ಬೇಲ್‌ಗಳನ್ನು ಒಂದು ಗೋದಾಮಿನಿಂದ ಇನ್ನೊಂದಕ್ಕೆ ಹಾಕಿಸಿದ ಹಮಾಲಿ ಎಲ್ಲಿಗೆ?

ಬ್ಯಾಡಗಿ, ಮೆಣಸಿನಕಾಯಿ:
ಇತರೆ ಖರ್ಚಿಗೆ. ರೆಡಿ ಮಾಲನ್ನು ಇಟ್ಟುಕೊಳ್ಳುವ ಖರ್ಚು ಸ್ಟಾಕಿಗೆ ಸೇರುವುದಿಲ್ಲ, ಅದೂ ಎಎಸ್ 2ರಲ್ಲೇ ಇದೆ. ರಾಣೆಬೆನ್ನೂರಿನವರಿಗೆ ಬೇಕಿದ್ದರೆ ನಮ್ಮ ಲೆಡ್ಜರ್ ಪಟ್ಟಿ ಕಳಿಸುತ್ತೇನೆ. ಗದಗದವರಿಗೂ.

ಗದಗ, ಜಿನ್ನಿಂಗ್ ಮಿಲ್:
ನನಗೆ ಬೇಡ. ಈ ವರ್ಷದ 18,000 ಆಗಲೇ ಕೊಟ್ಟಾಗಿದೆ.