ಫೋನ್ ‘ಪಿಕ್’ ಮಾಡೋದಾ, ‘ಪಿಕ್ ಅಪ್’ ಮಾಡೋದಾ?

ತೀರ್ಥಹಳ್ಳಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಬಿ.ಕಾಂ. ಕೊನೇ ವರ್ಷ ಓದ್ತಿದ್ದೀನಿ. ಹೋದ ವಾರ ಒಂದು ಕಂಪನಿಯವರು ಫೋನಲ್ಲೇ ಸಂದರ್ಶನ ಮಾಡಿದ್ರು. ‘ಐ ಕಾಲ್ಡ್ ಟ್ವೈಸ್, ನೋಬಡಿ ಪಿಕ್ಡ್ ಮೈ ಕಾಲ್’ ಅಂದೆ. ಅಲ್ಲೇ ತಡೆದು ‘ಪಿಕ್ಡ್ ಅಪ್’ ಅಂತ ತಿದ್ದಿದ್ರು. ರಾತ್ರಿ ಪಾಳಿ ಮುಗಿದ ಮೇಲೆ ಮನೆಗೆ ಹೇಗೆ ಹೋಗ್ತೀರಿ ಅಂತ ಕೇಳಿದಾಗ ‘ಮೈ ಬ್ರದರ್ ವಿಲ್ ಪಿಕ್ ಮಿ’ ಅಂದೆ, ಅದನ್ನೂ ತಿದ್ದಿದ್ರು. ಆಮೇಲೆ ಗೊತ್ತಿದ್ದ ಉತ್ತರವೂ ಬಾಯಿಗೆ ಬರಲಿಲ್ಲ. ಮನೆಗೆ ಬಂದು ನಿಘಂಟು ತೆಗೆದರೆ ಈ ಎರಡು ಪದಕ್ಕೆ ಹತ್ತಕ್ಕಿಂತ ಹೆಚ್ಚು ಅರ್ಥ. ಇದನ್ನೆಲ್ಲ ಬಾಯಿಪಾಠ ಮಾಡಬೇಕಾ? ನಾವು ದಿನಾ ‘ಪಿಕಪ್ ಮಾಡು’ ಅಂತೀವಲ್ಲ, ಅದೂ ತಪ್ಪಾ?

ಕೊಪ್ಪದ ಕಾಫಿತೋಟ:
ಬಾಯಿಪಾಠ ಬೇಡ ಮಾರಾಯ್ತಿ. ತೋಟಕ್ಕೆ ಹೋಗಿದ್ದೀಯಲ್ಲ? ಗಿಡದಲ್ಲಿರೋ ಕಾಫಿ ಹಣ್ಣನ್ನ ನಾವು ಕೊಯ್ತೀವಿ. ನೆಲಕ್ಕೆ ಉದುರಿದ್ದನ್ನ ಹೆಕ್ತೀವಿ. ಕೊಯ್ಯೋದು ‘ಪಿಕ್’, ಹೆಕ್ಕೋದು ‘ಪಿಕ್ ಅಪ್’. ಅಡಿಕೆಗೂ ಹಾಗೇ, ಬಿದ್ದ ಗೋಟನ್ನ ಯಾರೂ ಕೊಯ್ಯಲ್ಲ, ಹೆಕ್ತಾರೆ. ನಿನ್ನಣ್ಣ ನಿನ್ನನ್ನ ‘ಪಿಕ್’ ಮಾಡಿದ ಅಂದ್ರೆ ಹತ್ತು ಜನರಲ್ಲಿ ನಿನ್ನನ್ನ ಆರಿಸಿದ ಅಂತಾಗುತ್ತೆ. ಬಂದು ಕರ್ಕೊಂಡು ಹೋದ ಅನ್ನೋಕೆ ಆ ‘ಅಪ್’ ಬೇಕೇ ಬೇಕು.

ಹೊಸನಗರದವ, ಈಗ ಬೆಂಗಳೂರು:
ನಾನು ಒಪ್ಪಲ್ಲ. ‘ಪಿಕ್ ದಿ ಕಾಲ್’ ಅಂತ ಈ ದೇಶದಲ್ಲಿ ಎಷ್ಟೊಂದು ಜನ ಹೇಳ್ತಾರೆ, ಕೇಳಿದವರಿಗೆ ತಿಳಿಯುತ್ತೆ, ಕೆಲಸ ಸಾಗುತ್ತೆ. ನಮ್ಮ ಆಫೀಸಲ್ಲಿ ದಿನಾ ಕೇಳ್ತೀನಿ. ಇಂಗ್ಲೆಂಡಿನವರು ಹಾಗೆ ಹೇಳಲ್ಲ ಅನ್ನೋ ಒಂದೇ ಕಾರಣಕ್ಕೆ ತಪ್ಪು ಅನ್ನಬೇಕಾ? ಅಮೆರಿಕದವರು ಬದಲಾಯಿಸಿಕೊಂಡಿಲ್ವಾ? ಸಂದರ್ಶನದ ಮಧ್ಯೆ ಮಾತು ತಡೆದು ತಿದ್ದಿ, ಒಬ್ಬ ಹುಡುಗಿಯ ಬಾಯಿ ಕಟ್ಟಿಸಿದ್ದೇ ನನಗೆ ದೊಡ್ಡ ತಪ್ಪಾಗಿ ಕಾಣುತ್ತೆ.

ಸಾಗರದ ನಿವೃತ್ತ ಮೇಷ್ಟ್ರು:
ಬಾಯಿ ಕಟ್ಟಿಸಿದ್ದು ತಪ್ಪು, ಅದು ನಿಜ. ಆದರೆ ತಂಗಿಗೆ ಕೆಲಸ ಬೇಕಾಗಿದೆ. ಆ ಕಡೆ ಕೂತವರ ಕಿವಿಗೆ ‘ಪಿಕ್ ಅಪ್’ ಸರಿ ಅನ್ನಿಸುವುದಾದರೆ ಅದನ್ನೇ ಕಲಿತು ಹೋಗುವುದು ಒಳ್ಳೆಯದು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟಿದ್ದೇನೆ. ಮಕ್ಕಳು ಸೋಲುತ್ತಿದ್ದುದು ದೊಡ್ಡ ಪದಗಳಲ್ಲಲ್ಲ, ಇಂಥ ಪುಟ್ಟ ಜೋಡಿಗಳಲ್ಲಿ. ಇದು ನಮ್ಮೊಬ್ಬರ ಪಾಡೂ ಅಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ಬಾಲಕ್ಕೆ ಸಣ್ಣ ಪದ ಅಂಟಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ಹೊರಗಿನವರಿಗೆ ಅತಿ ದೊಡ್ಡ ತೊಡಕು ಎಂದು ಮುನ್ನುಡಿಯಲ್ಲೇ ಬರೆದಿದ್ದಾರೆ.

ನಮ್ಮಲ್ಲೇನು ಕಡಿಮೆಯೇ? ‘ಎತ್ತು’ ತೆಗೆದುಕೊಳ್ಳಿ. ತೀರ್ಪನ್ನು ಎತ್ತಿಹಿಡಿಯುತ್ತಾರೆ. ಒಬ್ಬರ ಮೇಲೆ ಇನ್ನೊಬ್ಬರನ್ನು ಎತ್ತಿಕಟ್ಟುತ್ತಾರೆ. ಹಳೇ ತಪ್ಪನ್ನು ಎತ್ತಿ ಆಡುತ್ತಾರೆ. ಇಲ್ಲೆಲ್ಲೂ ಕೈಯಿಂದ ಏನನ್ನೂ ಎತ್ತುವುದಿಲ್ಲ, ಕಟ್ಟುವುದೂ ಇಲ್ಲ. ಇದನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ.

ಈಗ ‘ಪಿಕ್ ಅಪ್’ನ ಅರ್ಥಗಳನ್ನು ಕನ್ನಡದಲ್ಲಿ ಹೇಳಿ ನೋಡು ತಂಗಿ. ನೆಲದಿಂದ ಎತ್ತಿಕೊಳ್ಳುವುದು. ಸ್ಟೇಷನ್ನಿನಿಂದ ಕರೆದುಕೊಂಡು ಬರುವುದು. ಅಂಗಡಿಯಿಂದ ಬರುವಾಗ ಹಾಲು ತೆಗೆದುಕೊಳ್ಳುವುದು. ಕೇಳಿ ಕೇಳಿ ತುಳು ಕಲಿತುಕೊಳ್ಳುವುದು. ಕಾಯಿಲೆ ಅಂಟಿಸಿಕೊಳ್ಳುವುದು. ಬಿದ್ದ ವ್ಯಾಪಾರ ಚೇತರಿಸಿಕೊಳ್ಳುವುದು. ಎಲ್ಲದರಲ್ಲೂ ಒಂದು ‘ಕೊಳ್ಳು’ ಕೂತಿದೆ, ನೋಡಿದೆಯಾ? ಹೊರಗಿದ್ದದ್ದು ತನ್ನ ಕಡೆಗೆ ಬರುತ್ತದೆ. ಇದನ್ನು ತರಗತಿಯಲ್ಲಿ ಹೇಳಿದ ದಿನ ಮಕ್ಕಳ ಮುಖ ಅರಳಿದ್ದು ಇನ್ನೂ ಕಣ್ಣಮುಂದಿದೆ.

ಸೊರಬದ ಆರೋಗ್ಯ ಕಾರ್ಯಕರ್ತೆ:
ಮೇಷ್ಟ್ರೇ, ಕಾಯಿಲೆ ಅಂದ್ರಲ್ಲ, ನಮ್ಮ ತಾಲ್ಲೂಕಿನದ್ದೇ ಒಂದು ಉದಾಹರಣೆ ಇದೆ. 1957ರಲ್ಲಿ ಇಲ್ಲಿನ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಪತ್ತೆ ಆಯ್ತು. ಅದು ಉಣುಗಿನಿಂದ ಬರುತ್ತೆ. ಇಂಗ್ಲಿಷ್ ತರಬೇತಿಯಲ್ಲಿ ‘ಪಿಕ್ಡ್ ಅಪ್ ದಿ ಇನ್ಫೆಕ್ಷನ್ ಇನ್ ದಿ ಫಾರೆಸ್ಟ್’ ಅಂದಾಗ ನಾನು ಮೊದಲು ಯಾರೋ ಏನನ್ನೋ ಎತ್ಕೊಂಡು ಬಂದ್ರು ಅಂತಲೇ ತಿಳ್ಕೊಂಡಿದ್ದೆ. ಬೇಕಂತ ಮಾಡದೆ ತಾನಾಗಿ ಅಂಟಿಕೊಂಡಿದ್ದಕ್ಕೂ ಇದೇ ಪದ ಅಂತ ಆಮೇಲೆ ಗೊತ್ತಾಯ್ತು.

ಹೊಸನಗರದವ, ಈಗ ಬೆಂಗಳೂರು:
ಮೇಷ್ಟ್ರೇ, ‘ಕೊಳ್ಳು’ ಲೆಕ್ಕ ಚೆನ್ನಾಗಿದೆ, ಆದರೆ ಎಲ್ಲ ಕಡೆ ನಡೆಯಲ್ಲ. ‘ದಿ ವಿಂಡ್ ಪಿಕ್ಡ್ ಅಪ್’ ಅಂದ್ರೆ ಗಾಳಿ ಜೋರಾಯ್ತು. ಅದರಲ್ಲಿ ಯಾರು ಏನನ್ನ ತಮ್ಮ ಕಡೆ ಎಳ್ಕೊಂಡ್ರು? ‘ಗಿವ್ ಅಪ್’ನಲ್ಲಂತೂ ಉಲ್ಟಾ, ಕೈ ಬಿಡೋದು. ಮಕ್ಕಳು ‘ಅಪ್’ ಕಂಡಲ್ಲೆಲ್ಲ ‘ಕೊಳ್ಳು’ ಹಚ್ಚಿದ್ರೆ ಕಷ್ಟ.

ಸಾಗರದ ನಿವೃತ್ತ ಮೇಷ್ಟ್ರು:
ಸರಿಯಾದ ಮಾತು. ಗಾಳಿಗೆ, ವೇಗಕ್ಕೆ ಅದು ಹೊಂದುವುದಿಲ್ಲ. ಅಲ್ಲಿ ‘ಅಪ್’ ಎಂದರೆ ಬರೀ ಏರುವುದು. ನನ್ನ ಲೆಕ್ಕ ‘ಪಿಕ್ ಅಪ್’ ಒಂದಕ್ಕೆ ಮಾತ್ರ, ಅದರಲ್ಲೂ ಎಲ್ಲ ಅರ್ಥಕ್ಕಲ್ಲ.

ಶಿವಮೊಗ್ಗ ಗಾಡಿ:
ಬೊಲೆರೊ ಪಿಕಪ್ ಓಡಿಸ್ತೀನಿ ನಾನು, ಅಡಿಕೆ ಬಾಡಿಗೆ. ಆಗುಂಬೆ ಘಾಟಿ ಹತ್ತುವಾಗ ‘ಗಾಡಿಗೆ ಪಿಕಪ್ ಇಲ್ಲ’ ಅಂತೀವಿ. ಇದು ನಾವು ಕಟ್ಟಿದ ಮಾತಾ?

ಭದ್ರಾವತಿ ನಿವೃತ್ತ ಎಂಜಿನಿಯರ್:
ಅಲ್ಲ. ಗಾಡಿ ಬೇಗ ವೇಗ ಹಿಡಿಯೋದಕ್ಕೆ ಅಮೆರಿಕದಲ್ಲೂ ಪಿಕಪ್ ಅಂತಾರೆ. ನಾನು ಸಣ್ಣ ನೀರಾವರಿಯಲ್ಲಿ ಇದ್ದವನು, ಇನ್ನೊಂದು ಪಿಕಪ್ ಹೇಳ್ತೀನಿ. ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡನ್ನ ನಮ್ಮ ಹಳ್ಳಿಗಳಲ್ಲಿ ‘ಪಿಕಪ್’ ಅಂತಾರೆ, ‘ಪಿಕಪ್ ಮೇಲೆ ನೀರು ಹೋಗ್ತಿದೆ, ಆ ದಾರಿ ಬರಬೇಡಿ’ ಅಂತ. ಮೇಲಿನ ಜಲಾಶಯದಿಂದ ಹೊಳೆಗೆ ಬಿಟ್ಟ ನೀರನ್ನ ಕೆಳಗಡೆ ಅಡ್ಡಗಟ್ಟಿ, ಮಟ್ಟ ಏರಿಸಿ, ನಾಲೆಗೆ ತಿರುಗಿಸೋ ಕಟ್ಟೆಗೆ ಎಂಜಿನಿಯರಿಂಗಲ್ಲಿ ‘ಪಿಕಪ್ ವಿಯರ್’ ಅಂತ ಹೆಸರು. ಆ ಹೆಸರೇ ಸಣ್ಣ ಒಡ್ಡುಗಳಿಗೂ ಬಂದು ಉಳೀತು. ಇಂಗ್ಲಿಷ್ ಅಕ್ಷರ ಬಾರದ ರೈತರೂ ಸರಾಗ ಹೇಳ್ತಾರೆ. ನನ್ನ ಮಟ್ಟಿಗೆ ಅದು ಕನ್ನಡದ್ದೇ ಪದ, ಅದನ್ನ ತಿದ್ದೋಕೆ ಯಾರೂ ಹೋಗಬಾರದು.

ತೀರ್ಥಹಳ್ಳಿ ಹುಡುಗಿ:
ಹಾಗಾದ್ರೆ ‘ಅಣ್ಣ ಪಿಕಪ್ ಮಾಡ್ತಾನೆ’ ಅಂತ ಕನ್ನಡದಲ್ಲಿ ಹೇಳಬಹುದು. ಅದನ್ನೇ ಇಂಗ್ಲಿಷಿಗೆ ಒಯ್ದು ‘ಹಿ ವಿಲ್ ಪಿಕಪ್ ಮಿ’ ಅಂದ್ರೆ?

ಸಾಗರದ ನಿವೃತ್ತ ಮೇಷ್ಟ್ರು:
ಅಲ್ಲೇ ಎಡವುವುದು! ಕನ್ನಡದಲ್ಲಿ ‘ಪಿಕಪ್’ ಒಂದೇ ಗಟ್ಟಿ ಪದ, ಇಂಗ್ಲಿಷಿನಲ್ಲಿ ಅದು ಒಡೆಯುತ್ತದೆ. ಮಿ, ಹಿಮ್, ಇಟ್ ತರಹದ ಸರ್ವನಾಮ ಬಂದರೆ ನಡುವೆಯೇ ಕೂರಬೇಕು: ‘ಪಿಕ್ ಮಿ ಅಪ್’, ‘ಪಿಕ್ ಇಟ್ ಅಪ್’. ಪೂರ್ತಿ ಹೆಸರಾದರೆ ಎರಡೂ ನಡೆಯುತ್ತದೆ: ‘ಪಿಕ್ ಅಪ್ ದಿ ಫೋನ್’, ‘ಪಿಕ್ ದಿ ಫೋನ್ ಅಪ್’. ಭೂತಕಾಲದ ‘ಡ್’ ಪಿಕ್‌ಗೆ ಸೇರುತ್ತದೆ, ಅಪ್‌ಗಲ್ಲ. ನಾಮಪದವಾದಾಗ ಮಾತ್ರ ಎರಡೂ ಸೇರಿ ಒಂದೇ ಪದ, ಆಗ ಒತ್ತು ಮೊದಲ ಭಾಗದ ಮೇಲೆ, ನಮ್ಮ ಗಾಡಿಯವರು ‘ಪಿಕಪ್’ ಎನ್ನುವ ಹಾಗೆ.

ಕೊಪ್ಪದ ಕಾಫಿತೋಟ:
ಇನ್ನೊಂದು ಮಾತು, ಹುಡುಗಿಯರಿಗೆ ಹೇಳಲೇಬೇಕು. ಪರಿಚಯ ಇಲ್ಲದವರನ್ನ ಪುಸಲಾಯಿಸಿ ಜೊತೆಗೆ ಕರ್ಕೊಂಡು ಹೋಗೋದಕ್ಕೂ ಆಡುಮಾತಲ್ಲಿ ‘ಪಿಕ್ ಅಪ್’ ಅಂತಾರೆ. ಯಾರು, ಎಲ್ಲಿಂದ ಅಂತ ಸೇರಿಸಿ ಹೇಳಿದ್ರೆ ಗೊಂದಲ ಇರಲ್ಲ.

ಹೊಸನಗರದವ, ಈಗ ಬೆಂಗಳೂರು:
ನಡುವೆ ಕೂರಿಸೋ ನಿಯಮ ಒಪ್ತೀನಿ, ‘ಪಿಕಪ್ ಮಿ’ ನನಗೂ ಕಿವಿಗೆ ಚುಚ್ಚುತ್ತೆ. ‘ಪಿಕ್ ದಿ ಕಾಲ್’ ಮಾತ್ರ ತಪ್ಪು ಅಂತ ಇನ್ನೂ ಒಪ್ಪಲ್ಲ ಮೇಷ್ಟ್ರೇ.

ತೀರ್ಥಹಳ್ಳಿ ಹುಡುಗಿ:
ಗುರುವಾರ ಇನ್ನೊಂದು ಸಂದರ್ಶನ ಇದೆ. ‘ಮೈ ಬ್ರದರ್ ವಿಲ್ ಪಿಕ್ ಮಿ ಅಪ್ ಫ್ರಮ್ ದಿ ಬಸ್ ಸ್ಟ್ಯಾಂಡ್’ ಅಂತ ಬರ್ಕೊಂಡು, ಅಣ್ಣನ ಮುಂದೆ ನಾಲ್ಕು ಸಲ ಹೇಳಿದೆ. ಸರಿ ಇದೆಯಾ ಮೇಷ್ಟ್ರೇ?

ಸಾಗರದ ನಿವೃತ್ತ ಮೇಷ್ಟ್ರು:
ಸರಿ ಇದೆ ತಂಗಿ. ಹಾಗೇ ಹೇಳು.