ಕಾರಿಗೆ ವ್ಯಾಕ್ಸ್ ಎಷ್ಟು ದಿನಕ್ಕೊಮ್ಮೆ? ಪೇಂಟ್ ಕಾಪಾಡುವ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಕಾರು ತಗೊಂಡು ಎಂಟು ತಿಂಗಳಾಯ್ತು. ಹಗಲೆಲ್ಲ ಬಿಸಿಲಲ್ಲೇ ನಿಂತಿರುತ್ತೆ. ತಿಂಗಳಿಗೊಮ್ಮೆ ವ್ಯಾಕ್ಸ್ ಹಾಕಿ ಅಂತ ಒಬ್ಬರು, ವರ್ಷಕ್ಕೊಂದು ಸಲ ಸಾಕು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಅವರಿಬ್ಬರ ಡಬ್ಬಿಯಲ್ಲಿರುವುದು ಒಂದೇ ಪದಾರ್ಥ ಆಗಿರಲಿಕ್ಕಿಲ್ಲ. ತಾಳೆ ಜಾತಿಯ ಮರದೆಲೆಯಿಂದ ಸಿಗುವ ಕಾರ್ನೌಬಾ ಮೇಣದ ವ್ಯಾಕ್ಸ್ ಒಳ್ಳೆಯ ಹೊಳಪು ಕೊಡುತ್ತದೆ, ಆದರೆ ಒಂದೂವರೆ-ಎರಡು ತಿಂಗಳಲ್ಲಿ ಸವೆದುಹೋಗುತ್ತದೆ. ಮೇಣದ ಬದಲು ಕೃತಕ ರಾಸಾಯನಿಕದಿಂದ ಮಾಡಿದ ಲೇಪ, ಅಂದರೆ ಸಿಂಥೆಟಿಕ್ ಸೀಲೆಂಟ್, ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ. ಸದಾ ಬಿಸಿಲಲ್ಲಿರುವ ಗಾಡಿಗೆ ಸೀಲೆಂಟೇ ವಾಸಿ. ಇವೆರಡೂ ಅಂದಾಜು ಮಾತ್ರ. ಕಡೆಗೆ ನೀರನ್ನೇ ಕೇಳಬೇಕು.

ಶಾಂಪೂ ಹಾಕಿ ತೊಳೆದ ಮೇಲೆ ಬಾನೆಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಹನಿಗಳು ಗುಂಡಗೆ ಬೇರೆಬೇರೆಯಾಗಿ ನಿಂತರೆ ವ್ಯಾಕ್ಸ್ ಇದೆ. ನೀರು ಚಪ್ಪಟೆಯಾಗಿ ಹರಡಿಕೊಂಡರೆ ಮತ್ತೆ ಹಾಕುವ ಹೊತ್ತಾಗಿದೆ. ಕೊಳೆ ಇದ್ದಾಗ ಈ ಪರೀಕ್ಷೆ ಮಾಡಬೇಡಿ. ಕೆಳಗೆ ವ್ಯಾಕ್ಸ್ ಚೆನ್ನಾಗಿದ್ದರೂ ಮೇಲೆ ಧೂಳಿನ ಜಿಡ್ಡು ಕೂತಿದ್ದರೆ ನೀರು ಹರಡಿಕೊಳ್ಳುತ್ತದೆ. ಇನ್ನೊಂದು ಮಾತು: ರೂಫ್, ಬಾನೆಟ್ ಮೇಲಿನ ವ್ಯಾಕ್ಸ್ ಬಾಗಿಲುಗಳಿಗಿಂತ ಬೇಗ ಹೋಗುತ್ತದೆ, ನೇರ ಬಿಸಿಲು ಬೀಳುವುದು ಅಲ್ಲೇ. ಆ ಎರಡಕ್ಕೆ ಮಾತ್ರ ನಡುವೆ ಒಂದು ಸಲ ಹಾಕಿದರೂ ತಪ್ಪಿಲ್ಲ.

ಪ್ರಶ್ನೆ: ಮನೆಯಲ್ಲೇ ಹಾಕೋ ಕ್ರಮ ಹೇಳ್ತೀರಾ? ಕಳೆದ ಸಲ ಹಾಕಿದಾಗ ಅಲ್ಲಲ್ಲಿ ಬಿಳಿ ಪಟ್ಟೆ ಉಳೀತು, ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಉತ್ತರ: ಬಿಸಿ ತಗಡಿನ ಮೇಲೆ ಹಾಕಿರಬೇಕು, ಇಲ್ಲವೇ ದಪ್ಪಗೆ ಬಳಿದಿರಬೇಕು. ಅಂಗೈ ಇಟ್ಟರೆ ಬಾನೆಟ್ ತಣ್ಣಗಿರಬೇಕು, ಗಾಡಿ ನೆರಳಲ್ಲಿರಬೇಕು.

ಮೊದಲು ಎರಡು ಬಕೆಟ್ ಇಟ್ಟುಕೊಂಡು ತೊಳೆಯಿರಿ: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕಾರು ತೊಳೆಯುವ ಬಟ್ಟೆಯ ಕೈಗವಸನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಬಣ್ಣದ ಮೇಲಿನ ಸುಳಿಸುಳಿ ಗೀರುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಬಟ್ಟೆಯಲ್ಲಿ ಸಿಕ್ಕಿಕೊಂಡ ಮರಳಿನ ಕಣದಿಂದ. ಒಣಗಿದ ಮೇಲೆ ಬೆರಳಿಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ ಬಣ್ಣದ ಮೇಲೆ ಮೆಲ್ಲಗೆ ಸವರಿ ನೋಡಿ. ತರಿತರಿ ಅನ್ನಿಸಿದರೆ ಬ್ರೇಕಿನ ಲೋಹದ ಪುಡಿ, ಮರದ ಅಂಟು ಕೂತಿದೆ ಎಂದರ್ಥ. ಅದನ್ನು ಕ್ಲೇ ಬಾರ್‌ನಿಂದ, ಅಂದರೆ ಕೊಳೆ ಎತ್ತುವ ಮೆತ್ತನೆಯ ಜೇಡಿಯಂಥ ತುಂಡಿನಿಂದ, ತೆಗೆಯಬೇಕು. ಕ್ಲೇ ಜಾರುವಷ್ಟು ಲೂಬ್ರಿಕೆಂಟ್ ಸಿಂಪಡಿಸಿ, ಒತ್ತದೆ ನೇರವಾಗಿ ಓಡಿಸಿ. ಕ್ಲೇ ನೆಲಕ್ಕೆ ಬಿತ್ತೋ, ಎಸೆದುಬಿಡಿ. ಅಂಟಿದ ಮರಳು ಮತ್ತೆ ಬಿಡುವುದಿಲ್ಲ.

ಈಗ ವ್ಯಾಕ್ಸ್. ಎರಡಡಿ ಚೌಕದಷ್ಟು ಜಾಗಕ್ಕೆ ಕಡಲೆಕಾಳಿನಷ್ಟು ಸಾಕು. ದ್ರವ ವ್ಯಾಕ್ಸ್ ಆದರೆ ಇಡೀ ಕಾರಿಗೆ ಸುಮಾರು 20-30 ಮಿಲಿ. ಫೋಮ್ ಪ್ಯಾಡ್‌ನಿಂದ ಮಂಜು ಕಟ್ಟಿದಷ್ಟು ತೆಳ್ಳಗೆ ಹರಡಿ. ದಪ್ಪಗೆ ಹಾಕಿದರೆ ಹೆಚ್ಚು ದಿನ ಬರುವುದಿಲ್ಲ, ಮಿಕ್ಕದ್ದೆಲ್ಲ ಒರೆಸುವ ಬಟ್ಟೆಗೇ ಹೋಗುತ್ತದೆ. ಒಣಗಿದೆಯೋ ಇಲ್ಲವೋ ಅನ್ನುವುದಕ್ಕೆ ಬೆರಳಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಮೆತ್ತಿಕೊಂಡರೆ ಇನ್ನಷ್ಟು ಹೊತ್ತು ಬಿಡಿ. ಹಳೆಯ ಬಿಳಿ ಪಟ್ಟೆಯ ಮೇಲೆ ಅದೇ ವ್ಯಾಕ್ಸನ್ನು ಚೂರು ಹಚ್ಚಿ ತಕ್ಷಣ ಒರೆಸಿದರೆ ಗಟ್ಟಿಯಾದದ್ದು ಕರಗಿ ಬರುತ್ತದೆ. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ; ಅದರ ಸಣ್ಣ ರಂಧ್ರಗಳಿಗೆ ವ್ಯಾಕ್ಸ್ ಇಳಿದರೆ ತೆಗೆಯುವುದು ಬಹಳ ಕಷ್ಟ.

ಪ್ರಶ್ನೆ: ಪಾತ್ರೆ ತೊಳೆಯೋ ಲಿಕ್ವಿಡ್ ಬಳಸಬಹುದಾ?

ಉತ್ತರ: ಬೇಡ. ಜಿಡ್ಡು ತೆಗೆಯಲೆಂದೇ ಮಾಡಿದ್ದು ಅದು, ವ್ಯಾಕ್ಸನ್ನೂ ಎಬ್ಬಿಸುತ್ತದೆ.

ಪ್ರಶ್ನೆ: ವಾಷಿಂಗ್‌ಗೆ ಬಿಟ್ಟಾಗಲೆಲ್ಲ ಆರು ತಿಂಗಳಿಗೊಮ್ಮೆ ಮೆಷಿನ್ ಪಾಲಿಶ್ ಮಾಡಿಸಿ ಅಂತಾರೆ. ವ್ಯಾಕ್ಸಿಗೂ ಪಾಲಿಶಿಗೂ ಏನು ವ್ಯತ್ಯಾಸ?

ಉತ್ತರ: ದಯವಿಟ್ಟು ಇದನ್ನು ಗಮನವಿಟ್ಟು ಓದಿ, ಪೇಂಟ್ ಹಾಳಾಗುವುದು ಇಲ್ಲೇ. ವ್ಯಾಕ್ಸ್ ಮೇಲೆ ಒಂದು ಪದರ ಕೂರಿಸುತ್ತದೆ. ಪಾಲಿಶ್ ಆದರೋ, ಮೊದಲೇ ಇರುವ ಪೇಂಟಿನ ಪದರವನ್ನೇ ತೇಯುತ್ತದೆ. ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಇರುವುದು ಅದರಲ್ಲೇ. ವರ್ಷಕ್ಕೆರಡು ಸಲ ತೇಯುತ್ತಾ ಹೋದರೆ ಅದು ಸೋತು, ರೂಫ್ ಮೇಲೆ ಬಿಳಿಚಿ ಸಿಪ್ಪೆ ಏಳುತ್ತದೆ. ಆಮೇಲೆ ವ್ಯಾಕ್ಸೂ ಇಲ್ಲ, ಪಾಲಿಶೂ ಇಲ್ಲ, ಮರುಪೇಂಟೇ ಗತಿ. ಗೀರು ಕಣ್ಣಿಗೆ ಹೊಡೆಯುವಷ್ಟಾದಾಗ ಮಾತ್ರ ಪಾಲಿಶ್ ಮಾಡಿಸಿ, ಮೊದಲು ಗೇಜ್ ಎಂಬ ಅಳತೆ ಸಾಧನ ಇಟ್ಟು ಪೇಂಟಿನ ದಪ್ಪ ಅಳೆಯಲು ಹೇಳಿ. ಗೇಜ್ ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪ, ಕ್ಲಿಯರ್ ಕೋಟ್ ಒಂದನ್ನೇ ಅಲ್ಲ ಅನ್ನುವುದು ನೆನಪಿರಲಿ. ಉಗುರಿಗೆ ತಡೆಯುವಂಥ ಗೀರು ಸಾಮಾನ್ಯವಾಗಿ ಪಾಲಿಶಿಗೆ ಪೂರ್ತಿ ಹೋಗುವುದಿಲ್ಲ, ಅದನ್ನು ಹಠ ಹಿಡಿದು ತೇಯಿಸಬೇಡಿ.

ಪ್ರಶ್ನೆ: ಹಕ್ಕಿ ಹಿಕ್ಕೆ ಬಿದ್ದ ಕಡೆ ಕಲೆ ಉಳಿದಿದೆ. ವ್ಯಾಕ್ಸ್ ಹಾಕಿದ್ದೆನಲ್ಲ?

ಉತ್ತರ: ವ್ಯಾಕ್ಸ್ ಇದ್ದರೆ ಸ್ವಲ್ಪ ಸಮಯ ಸಿಗುತ್ತದೆ, ಅಷ್ಟೇ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ಮೇಲೆ ಹಿಕ್ಕೆ ಗಟ್ಟಿಯಾಗುತ್ತದೆ. ರಾತ್ರಿ ತಣಿದು ಕುಗ್ಗುವಾಗ ಅದರ ಅಚ್ಚು ಉಳಿದುಬಿಡುತ್ತದೆ. ಕಂಡ ದಿನವೇ ಒದ್ದೆ ಬಟ್ಟೆಯನ್ನು ಐದು-ಹತ್ತು ನಿಮಿಷ ಅದರ ಮೇಲೆ ಹೊದಿಸಿ, ನೆನೆದ ಮೇಲೆ ಎತ್ತಿ ತೆಗೆಯಿರಿ. ಉಜ್ಜಬೇಡಿ, ಅದರಲ್ಲಿ ಮರಳೂ ಬೀಜವೂ ಇರುತ್ತವೆ. ತೆಗೆದ ಜಾಗಕ್ಕೆ ಚೂರು ವ್ಯಾಕ್ಸ್ ಹಚ್ಚಿ.

ಪ್ರಶ್ನೆ: ಗುದ್ದಿದ ಬಾಗಿಲಿಗೆ ಹೋದ ವಾರ ಪೇಂಟ್ ಮಾಡಿಸಿದೆ. ಈಗಲೇ ವ್ಯಾಕ್ಸ್ ಹಾಕಲಾ?

ಉತ್ತರ: ಬೇಡ, ಎರಡು-ಮೂರು ತಿಂಗಳು ತಡೆಯಿರಿ. ಕಾರ್ಖಾನೆಯಲ್ಲಿ ಪೇಂಟನ್ನು ಹೆಚ್ಚು ಶಾಖದಲ್ಲಿ ಬೇಯಿಸಿರುತ್ತಾರೆ. ಗ್ಯಾರೇಜಿನ ಪೇಂಟಿನಿಂದ ದ್ರಾವಕ ವಾರಗಟ್ಟಲೆ ಆವಿಯಾಗುತ್ತಲೇ ಇರುತ್ತದೆ, ಮೇಲೆ ವ್ಯಾಕ್ಸ್ ಮುಚ್ಚಿದರೆ ಬಣ್ಣ ಮಂಕಾಗುವ, ಗುಳ್ಳೆ ಏಳುವ ಅಪಾಯವಿದೆ. ಅಲ್ಲಿಯವರೆಗೆ ಶಾಂಪೂ ಹಾಕಿ ಮೆಲ್ಲಗೆ ತೊಳೆದರೆ ಸಾಕು. ಸಾಧ್ಯವಾದರೆ ಕವರ್ ಕೂಡ ಹಾಕಬೇಡಿ, ಗಾಳಿಯಾಡಲಿ.