ಕಪ್ಪು ದ್ರಾಕ್ಷಿ ಜ್ಯೂಸ್ ದಿನಾ ಕುಡಿದರೆ ರಕ್ತ ಹೆಚ್ಚುತ್ತದೆಯೇ?

ಮಲ್ಲಿಗೆ_ತುಮಕೂರು
ಅಮ್ಮನಿಗೆ 56 ವರ್ಷ. ಹಿಮೋಗ್ಲೋಬಿನ್ 10.2, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.1. ರಕ್ತ ಹೆಚ್ಚಲೆಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ 300 ಮಿ.ಲೀ. ಕಪ್ಪು ದ್ರಾಕ್ಷಿ ಜ್ಯೂಸ್ ಕುಡಿಯುತ್ತಾರೆ, ಸಕ್ಕರೆ ಹಾಕುವುದಿಲ್ಲ. ಮುಂದುವರಿಸಬಹುದೇ? ಮಿಕ್ಸಿಗೆ ಹಾಕಿದರೆ ಕಹಿ ಬರುತ್ತದೆ, ಯಾಕೆ? ಬಿಪಿ ಮಾತ್ರೆಯ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದಿದೆ, ಅದು ಇದೇನಾ?

ಪಥ್ಯಾಹಾರ
ಸಕ್ಕರೆ ಹಾಕದಿದ್ದರೂ ಅಷ್ಟು ಜ್ಯೂಸಿನಲ್ಲಿ ಹಣ್ಣಿನದೇ ಸಕ್ಕರೆ ಸುಮಾರು 45 ಗ್ರಾಂ, ಅಂದರೆ ಒಂಬತ್ತು ಟೀ ಚಮಚ. ಜ್ಯೂಸಿನ ಸಕ್ಕರೆಯನ್ನೂ ಲೆಕ್ಕಕ್ಕೆ ಸೇರಿಸಿ ದಿನಕ್ಕೆ 50 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ (2000 ಕ್ಯಾಲೊರಿಯ ಊಟಕ್ಕೆ). ಸೋಸಿದಾಗ ನಾರು ಹೋಗುತ್ತದೆ, ಹಾಗಾಗಿ ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ.

ಕಬ್ಬಿಣ? 300 ಮಿ.ಲೀ.ಗೆ ಒಂದು ಮಿ.ಗ್ರಾಂ ಕೂಡ ಇಲ್ಲ. ಬಣ್ಣ ರಕ್ತದ್ದು, ಅಷ್ಟೇ. ಮೇಲಾಗಿ ಅದರ ಒಗರಿನ ಅಂಶಗಳು ಕಬ್ಬಿಣ ಹೀರುವುದನ್ನು ತಗ್ಗಿಸಬಹುದು. ಕಬ್ಬಿಣದ ಮಾತ್ರೆಯನ್ನು ಈ ಜ್ಯೂಸಿನ ಜೊತೆ ಕೊಡಬೇಡಿ, ನಿಂಬೆ ನೀರು ವಾಸಿ. ಮುಟ್ಟು ನಿಂತ ಮೇಲೂ 10.2 ಇದ್ದರೆ ಹೊಟ್ಟೆ-ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ವೈದ್ಯರು ನೋಡಲೇಬೇಕು. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12 ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಊಟಕ್ಕೆ ಮುಂಚಿನ ಶುಗರ್ ಕೂಡ ನೋಡಿಸಿ.

ಒಳ್ಳೆಯದೂ ಇದೆ: ಸಿಪ್ಪೆಗೆ ಬಣ್ಣ ಕೊಡುವ ಆಂಥೋಸಯನಿನ್, ಒಂದಿಷ್ಟು ಪೊಟ್ಯಾಸಿಯಂ. ಅವು ಬೇಕಿದ್ದರೆ ಸಿಪ್ಪೆ ಸಮೇತ 100 ಗ್ರಾಂ ಹಣ್ಣನ್ನು ಊಟದ ನಂತರ ತಿನ್ನಲಿ. ಮೂತ್ರಪಿಂಡದ ತೊಂದರೆಯಿದ್ದರೆ ಆ ಪೊಟ್ಯಾಸಿಯಮ್ಮೇ ಕಷ್ಟ, ವೈದ್ಯರನ್ನು ಕೇಳದೆ ಬೇಡ.

ಚಪ್ಪರದ_ದ್ರಾಕ್ಷಿ
ಕಹಿ ಬರುವುದು ಬೀಜ ಅರೆಯುವುದರಿಂದ. ಜ್ಯೂಸಿಗೆ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಬೆಂಗಳೂರು ಬ್ಲೂ ಒಳ್ಳೆಯದು, ಹಿಂಡಿದರೆ ತಿರುಳು ಸಿಪ್ಪೆಯಿಂದ ಜಾರಿ ಬರುತ್ತದೆ. 1 ಕೆ.ಜಿ. ಹಣ್ಣು ಬಿಡಿಸಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ 15 ನಿಮಿಷ ನೆನೆಸಿ, ಎರಡು ಸಲ ತೊಳೆಯಿರಿ. ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಕಿವುಚಿ, ಅರ್ಧ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ 10–12 ನಿಮಿಷ ಬಿಸಿ ಮಾಡಿ. ಕುದಿಸಬೇಡಿ, ಪರಿಮಳ ಹಾರಿ ಬೆಂದ ವಾಸನೆ ಬರುತ್ತದೆ. ಸಿಪ್ಪೆ ಬಣ್ಣ ಬಿಟ್ಟ ಮೇಲೆ ತೆಳುಬಟ್ಟೆಯಲ್ಲಿ ಸೋಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹ ಕರಗುತ್ತದೆ.

ಫ್ರಿಜ್‌ನಲ್ಲಿಟ್ಟಾಗ ತಳದಲ್ಲಿ ಗಾಜಿನ ಪುಡಿಯಂಥದ್ದು ಕೂತರೆ ಹೆದರಬೇಡಿ, ಅದು ಟಾರ್ಟರಿಕ್ ಆಮ್ಲದ ಉಪ್ಪು, ಮೇಲಿನದನ್ನು ಬಗ್ಗಿಸಿಕೊಳ್ಳಿ. ಎರಡು ದಿನದೊಳಗೆ ಮುಗಿಸಿ. ನೊರೆ, ಗುಳ್ಳೆ ಬಂದರೆ ಹುದುಗಿದೆ, ಚೆಲ್ಲಿ.

ಔಷಧಿ_ಅಂಗಡಿ
ಗ್ರೇಪ್‌ಫ್ರೂಟ್ ನಮ್ಮ ದ್ರಾಕ್ಷಿಯಲ್ಲ, ಚಕ್ಕೋತದ ಹತ್ತಿರದ ಸಂಬಂಧಿ, ಕಿತ್ತಳೆ ಜಾತಿಯದು. ಕೆಲವು ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆಗಳನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ, ಔಷಧಿ ರಕ್ತದಲ್ಲಿ ಏರುತ್ತದೆ. ಚಕ್ಕೋತಕ್ಕೂ ಅದೇ ಎಚ್ಚರಿಕೆ. ದ್ರಾಕ್ಷಿಗೆ ಆ ತಕರಾರಿಲ್ಲ.

ಮಲ್ಲಿಗೆ_ತುಮಕೂರು
ನಾಳೆಯಿಂದ ಜ್ಯೂಸ್ ನಿಲ್ಲಿಸಿ ಹಣ್ಣು ಕೊಡುತ್ತೇನೆ. ಫೆರಿಟಿನ್‌ಗೆ ರಕ್ತ ಕೊಡಲು ಖಾಲಿ ಹೊಟ್ಟೆ ಬೇಕೇ?

ಪಥ್ಯಾಹಾರ
ಫೆರಿಟಿನ್‌ಗೆ ಬೇಕಿಲ್ಲ, ಆದರೆ ಶುಗರ್‌ಗೆ 8 ಗಂಟೆ ಉಪವಾಸ ಬೇಕು. ಬೆಳಿಗ್ಗೆ ನೀರು ಮಾತ್ರ ಕುಡಿಸಿ, ಎರಡಕ್ಕೂ ಒಟ್ಟಿಗೇ ಕೊಡಿಸಿ.